ತಿಪ್ಪಣ್ಣನ ಎರಡು ಸಬ್‌ವೂಫರ್

ತಿಪ್ಪಣ್ಣ ನಿಮಗೆ ಸ್ನೇಹಿತನೋ ವೈರಿಯೋ ಎಂದು ನನ್ನ ಹೆಂಡತಿ ಆಗಾಗ ಕೇಳುತ್ತಾಳೆ. ಅವಳದು ತಪ್ಪಲ್ಲ. ಅವನು ಹುಬ್ಬಳ್ಳಿಯವನು, ನಾನು ಉಡುಪಿ ಕಡೆಯವನು, ಹೆಸರು ಉಮಾನಾಥ. ಇಬ್ಬರೂ ಕೆನಡಾದ ಮಿಸ್ಸಿಸಾಗಾದಲ್ಲಿದ್ದೇವೆ. ಎದುರಾಬದುರು ಕೂತರೆ ಚಹಾ ಆರುವುದರೊಳಗೆ ಜಗಳ ಶುರುವಾಗುತ್ತದೆ. ಕುಚ್ಚಲಕ್ಕಿ ಅನ್ನ ಮೇಲೋ ಜೋಳದ ರೊಟ್ಟಿ ಮೇಲೋ, ಸಾರಿಗೆ ತೆಂಗಿನಕಾಯಿ ಬೇಕೋ ಶೇಂಗಾ ಸಾಕೋ ಎಂಬಂಥ ಘನವಾದ ವಿಷಯಗಳ ಮೇಲೆ ನಾವು ಇಲ್ಲಿಯ ಎಷ್ಟೋ ಚಳಿಗಾಲಗಳನ್ನು ಕಳೆದಿದ್ದೇವೆ. ಆ ಜಗಳಗಳಲ್ಲಿ ಸೋತೆ ಎಂದು ಅವನು ಒಂದು ದಿನವೂ ಒಪ್ಪಿದವನಲ್ಲ. ನಾನೂ ಒಪ್ಪಿಲ್ಲ, ಆದರೆ ನಾನು ನಿಜವಾಗಿಯೂ ಸೋತಿರಲಿಲ್ಲ.

ಅವನನ್ನು ನೋಡದವರಿಗೆ ಹೇಳಬೇಕೆಂದರೆ, ಬಾಗಿಲಲ್ಲಿ ಮೊದಲು ಮೀಸೆ ಬರುತ್ತಿತ್ತು, ಆಮೇಲೆ ತಿಪ್ಪಣ್ಣ ಬರುತ್ತಿದ್ದ. ಎರಡೂ ತುದಿ ಮೇಲಕ್ಕೆ ತಿರುವಿದ, ಎಣ್ಣೆ ಹಚ್ಚಿ ಸಾಕಿದ ಮೀಸೆ. ಈ ದೇಶಕ್ಕೆ ಬಂದ ಹೊಸದರಲ್ಲಿ, ಇಂಟರ್‌ವ್ಯೂಗೆ ಹೋಗುವ ಮುಂಚೆ ಅದನ್ನು ಸ್ವಲ್ಪ ಕತ್ತರಿಸಿಕೋ ಎಂದು ಬುದ್ಧಿ ಹೇಳಿದವರ ಮನೆಗೆ ಅವನು ಇವತ್ತಿಗೂ ಕಾಲಿಟ್ಟಿಲ್ಲ. ಹಿಮ ಬಿದ್ದ ದಿನ ಅದರ ಮೇಲೆ ಬಿಳಿ ಕೂರುತ್ತಿತ್ತು. ಆಗ ಅವನು ಇನ್ನಷ್ಟು ಸೆಟೆದು ನಡೆಯುತ್ತಿದ್ದ.

ಊರಲ್ಲಿ ಅವನು ವೈರ್‌ಮನ್ ಆಗಿದ್ದ. ಇಲ್ಲಿ ಕೃಷ್ಣಮೂರ್ತಿ ಎಂಬ ಮೈಸೂರಿನವರ ಎಲೆಕ್ಟ್ರಿಕಲ್ ಕಂಪನಿಯಲ್ಲಿ ಕೆಲಸ. ಹೊಸ ಮನೆಗಳಿಗೆ ವೈರಿಂಗ್ ಮಾಡುವುದು. ಅವನಷ್ಟು ಎಚ್ಚರಿಕೆಯ ಮನುಷ್ಯ ಇಲ್ಲ ಎಂದು ಕೃಷ್ಣಮೂರ್ತಿಯವರೇ ಹೊಗಳುತ್ತಿದ್ದರು. ಟೆಸ್ಟರ್ ತಾಗಿಸದೆ ತಿಪ್ಪಣ್ಣ ಒಂದು ತಂತಿಯನ್ನೂ ಮುಟ್ಟುವುದಿಲ್ಲವಂತೆ. ಉಳಿದ ಹುಡುಗರಿಗೆ ಅವನನ್ನು ತೋರಿಸಿ, ಇವರನ್ನು ನೋಡಿ ಕಲಿಯಿರಿ ಎನ್ನುತ್ತಿದ್ದರಂತೆ.

ಆ ಎಚ್ಚರಿಕೆಯ ಹಿಂದೆ ಇದ್ದ ಸಂಗತಿ ಬೇರೆ. ಈಗ ಅದು ಗುಟ್ಟಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ತಿಪ್ಪಣ್ಣನ ಕಣ್ಣಿಗೆ ಕೆಂಪು ಕಾಣುವುದಿಲ್ಲ. ಕರಿಯೂ ಕೆಂಪೂ ಅವನಿಗೆ ಒಂದೇ. ಹುಟ್ಟಿನಿಂದಲೇ ಹಾಗೆ. ಟ್ರಾಫಿಕ್ ಸಿಗ್ನಲಿನಲ್ಲಿ ಮೇಲಿನ ದೀಪವೋ ಕೆಳಗಿನ ದೀಪವೋ ಎಂದು ನೋಡಿಕೊಂಡು ಗಾಡಿ ಓಡಿಸುತ್ತಾನೆ. ಊರಲ್ಲಂತೂ ಸಿಗ್ನಲ್ ನೋಡುವ ಅಭ್ಯಾಸ ಯಾರಿಗೂ ಇರಲಿಲ್ಲವಾದ್ದರಿಂದ ತೊಂದರೆಯಾಗಲಿಲ್ಲ. ಆದರೆ ವೈರಿಂಗಿನಲ್ಲಿ ತೊಂದರೆ ಇತ್ತು. ನಮ್ಮ ಕಡೆ ಕೆಂಪು ತಂತಿಯಲ್ಲಿ ಕರೆಂಟು, ಕರಿಯದು ನ್ಯೂಟ್ರಲ್. ಹಾಗಾಗಿ ಮದುವೆಯಾದ ಹೊಸದರಿಂದ ಹೆಂಡತಿ ನೀಲಾಂಬಿಕಾ ಅವನ ಜತೆ ಕೆಲಸಕ್ಕೆ ಹೋಗುತ್ತಿದ್ದಳು. ಟಾರ್ಚ್ ಹಿಡಿಯಲಿಕ್ಕೆ ಎಂಬ ನೆಪ. ಟಾರ್ಚ್ ಹಿಡಿದುಕೊಂಡು ಅವನ ಕಿವಿಯಲ್ಲಿ "ಕೆಂಪು", "ಕರಿ" ಎಂದು ಪಿಸುಗುಟ್ಟುವುದು ನಿಜವಾದ ಕೆಲಸ. ಹೆಂಡತಿಯನ್ನು ಬಿಟ್ಟಿರಲಾರದ ಗಂಡ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರಂತೆ. ಆಡಿಕೊಳ್ಳಲಿ ಎಂದು ಇಬ್ಬರೂ ಸುಮ್ಮನಿದ್ದರು.

ಕೆನಡಾಕ್ಕೆ ಬಂದರೆ ಇಲ್ಲಿಯ ಮನೆಗಳಲ್ಲಿ ಕರಿ ತಂತಿಯಲ್ಲಿ ಕರೆಂಟು, ಬಿಳಿಯದು ನ್ಯೂಟ್ರಲ್! ಕರಿಯನ್ನೂ ಬಿಳಿಯನ್ನೂ ಯಾರು ಬೇಕಾದರೂ ಗುರುತಿಸಬಹುದು. ಈ ದೇಶವನ್ನು ತನಗಾಗಿಯೇ ಕಟ್ಟಿದ್ದಾರೆ ಎಂದು ಅವನಿಗೆ ಅನಿಸಿತಂತೆ. ಅಲ್ಲೊಂದು ಇಲ್ಲೊಂದು ಕೆಂಪು ತಂತಿ ಬಂದರೆ ಟೆಸ್ಟರ್ ಇದ್ದೇ ಇತ್ತು. ನೀಲಾಂಬಿಕಾಗೆ ಟಾರ್ಚ್ ಕೆಲಸದಿಂದ ಬಿಡುಗಡೆ ಸಿಕ್ಕಿತು. ಅವಳು ಎರಿನ್ ಮಿಲ್ಸ್ ಬಡಾವಣೆಯ ತಮ್ಮ ಮನೆಯಲ್ಲೇ ಜೋಳದ ರೊಟ್ಟಿ ಬಡಿದು, ತಮ್ಮ ಹಳೆಯ ವ್ಯಾನಿನಲ್ಲಿಟ್ಟುಕೊಂಡು ಮನೆಮನೆಗೆ ಕೊಡಲು ಶುರುಮಾಡಿದಳು. ಆದರೂ ತಿಪ್ಪಣ್ಣನ ಎದೆಯಲ್ಲಿ ಒಂದು ಹೆದರಿಕೆ ಇತ್ತು. ಕೃಷ್ಣಮೂರ್ತಿಯವರಿಗೆ ಗೊತ್ತಾದರೆ ಕೆಲಸ ಹೋಗುತ್ತದೆ. ಬೇರೆ ಕೆಲಸ ಅವನಿಗೆ ಬರುವುದಿಲ್ಲ, ಬೇಕಾಗಿಯೂ ಇಲ್ಲ.

2017ರ ಬೇಸಿಗೆಯಲ್ಲಿ ಎಲ್ಲ ಕೆಟ್ಟದ್ದು ಚೆಂಡೆಯಿಂದ. ನನ್ನ ವ್ಯಾನಿಗೆ ನಾನು ಅಂಗಡಿಯವರ ಕೈಯಲ್ಲಿ ಗುಡುಗಿನಂಥ ಸದ್ದು ಕೊಡುವ ಒಂದು ಸಬ್‌ವೂಫರ್ ಹಾಕಿಸಿದ್ದೆ. ಯಕ್ಷಗಾನದ ರೆಕಾರ್ಡಿಂಗ್ ಕೇಳುವಾಗ ಪೆಟ್ಟು ಎದೆಗೆ ತಾಗಬೇಕು ಎಂದು ನನ್ನ ಆಸೆ. ತಿಪ್ಪಣ್ಣ ಒಳಗೆ ಕೂತು ಕೇಳಿದ. ಮೀಸೆ ತಿರುವಿದ.

"ಇದೇನ್ರಿ ಉಮಾನಾಥಣ್ಣ, ಪೋಸ್ಟ್‌ಮನ್ ಬಾಗಿಲಾ ಬಡದಂಗ ಟಕಟಕ ಅಂತೈತಿ. ಸದ್ದು ಅಂದ್ರ ನಮ್ಮ ಹುಬ್ಬಳ್ಳಿ ಹೋಳಿ ಹುಣ್ಣಿವಿ ಜಗ್ಗಲಗಿ, ಗಾಡಿ ಗಾಲಿಯಷ್ಟ ದೊಡ್ಡ ಹಲಗಿ. ಹೊಡದ್ರ ಹೊಟ್ಯಾಗಿನ ಕರುಳು ಎದ್ದು ಕುಣೀಬೇಕು."

ಚೆಂಡೆಗೆ ಹೆಸರಿಟ್ಟರೆ ನನಗೆ ತಡೆಯುವುದಿಲ್ಲ. "ಅಷ್ಟು ಧಮ್ ಇದ್ದರೆ ನಿನ್ನ ವ್ಯಾನಿಗೆ ಹಾಕಿ ತೋರಿಸು ಮಾರಾಯ. ಬಾಯಲ್ಲಿ ಎಂತ ಬಡಾಯಿ?" ಎಂದೆ.

"ಒಂದಲ್ಲ ಎರಡು ಹಾಕ್ತೀನಿ. ಅಂಗಡ್ಯಾಗಲ್ಲ, ನನ್ನ ಕೈಲೆ. ನಿಮ್ಮ ವ್ಯಾನಿಗಿಂತ ಸದ್ದು ಕಮ್ಮಿ ಬಂದ್ರ ಮೀಸಿ ಬೋಳಿಸ್ತೀನಿ."

"ಜಾಸ್ತಿ ಬಂದರೆ ನಾನು ಬೋಳಿಸುತ್ತೇನೆ" ಎಂದುಬಿಟ್ಟೆ. ನನ್ನದೂ ಒಂದು ಮೀಸೆ ಇತ್ತು. ಅವನ ಮೀಸೆಯ ಪಕ್ಕದಲ್ಲಿ ಅದನ್ನು ಯಾರೂ ಗಮನಿಸುತ್ತಿರಲಿಲ್ಲ, ಅಷ್ಟೆ.

ಡಂಡಾಸ್ ರಸ್ತೆಯ ಹತ್ತಿರ ನನ್ನದೊಂದು ಸಣ್ಣ ಟೈರ್ ಅಂಗಡಿ. ಭಾನುವಾರ ಅದರ ಹಿಂದಿನ ಅಂಗಳ ಖಾಲಿ, ಸುತ್ತಮುತ್ತ ಮನೆಗಳಿಲ್ಲ. ಅಲ್ಲಿಯೇ ಪಂದ್ಯ ಎಂದು ನಿರ್ಧಾರವಾಯಿತು. ಸುದ್ದಿ ವಾಟ್ಸಾಪಿನಲ್ಲಿ ಹರಡಿ, ದೂರದ ಪಿಕರಿಂಗ್ ಊರಿನವರೆಗಿನ ಕನ್ನಡದ ಮನೆಗಳೆಲ್ಲ ಬರುತ್ತೇವೆ ಎಂದವು. ತೀರ್ಪು ಹೇಳುವವರು ದೊಡ್ಡ ಮನುಷ್ಯರಾಗಿರಬೇಕಲ್ಲ, ಯಾರೋ ಕೃಷ್ಣಮೂರ್ತಿಯವರನ್ನೇ ಒಪ್ಪಿಸಿದರು. ಅದನ್ನು ಕೇಳಿ ತಿಪ್ಪಣ್ಣನ ಮುಖ ಯಾಕೆ ಸಪ್ಪಗಾಯಿತೋ ಆಗ ನನಗೆ ತಿಳಿಯಲಿಲ್ಲ.

ಈಗ ವೈರಿಂಗ್. ಸಬ್‌ವೂಫರ್ ಎಂದರೆ ದೊಡ್ಡ ಡಬ್ಬಿಯಲ್ಲಿ ಕೂರಿಸಿದ ಅಗಲ ಬಾಯಿಯ ಸ್ಪೀಕರ್. ಅದಕ್ಕೆ ಶಕ್ತಿ ಕೊಡುವುದು ಆಂಪ್ಲಿಫೈಯರ್. ಆಂಪ್ಲಿಫೈಯರಿನಿಂದ ಪ್ರತಿ ಸಬ್‌ವೂಫರಿಗೆ ಎರಡು ತಂತಿ, ಒಂದು ಕೆಂಪು, ಒಂದು ಕರಿ. ಮನೆಯ ವೈರಿಂಗಿನಲ್ಲಿ ಕೈಬಿಟ್ಟುಹೋಗಿದ್ದ ಹಳೆಯ ಶನಿ ವ್ಯಾನಿನ ಡಿಕ್ಕಿಯಲ್ಲಿ ಮತ್ತೆ ಬಂದು ಕೂತಿತ್ತು.

ಬಣ್ಣ ಹೇಳಲು ಬಾ ಎಂದು ತಿಪ್ಪಣ್ಣ ಹೆಂಡತಿಯನ್ನು ಕರೆದ. ಅವಳಿಗೆ ಆಗಲೇ ಸಿಟ್ಟು ನೆತ್ತಿಗೇರಿತ್ತು. ಆ ಎರಡು ಡಬ್ಬಿ ಕೂತ ಮೇಲೆ ವ್ಯಾನಿನಲ್ಲಿ ರೊಟ್ಟಿಯ ಬುಟ್ಟಿ ಇಡಲು ಜಾಗವೇ ಇರಲಿಲ್ಲ. ಮೂರು ಮನೆಯ ರೊಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹೋಗಿದ್ದಳು.

"ರೊಟ್ಟಿ ಬೇಕೋ ಡಬ್ಬಿ ಬೇಕೋ ನೀವ ಹೇಳ್ರಿ. ಆ ಡಬ್ಬಿಗೆ ನಾ ಬಣ್ಣ ಹೇಳಂಗಿಲ್ಲ" ಎಂದು ಅಡುಗೆಮನೆಗೆ ಹೋದಳು. ಇನ್ನೊಂದು ಸಲ ಕರೆದಿದ್ದರೆ ಬರುತ್ತಿದ್ದಳಂತೆ. ಅವಳೇ ನನಗೆ ಆಮೇಲೆ ಹೇಳಿದ್ದು. ಆದರೆ ತಿಪ್ಪಣ್ಣ ಕರೆಯಬೇಕಲ್ಲ? ಮೀಸೆ ಅಡ್ಡ ಬಂತು.

ಗ್ಯಾರೇಜಿನಲ್ಲಿ ಒಬ್ಬನೇ ಕೂತ. ಬ್ಯಾಟರಿಯ ತಂತಿಗೆ ಮೀಟರ್ ಹಿಡಿದು ಸರಿಯಾಗಿ ನೋಡಿದ, ಅಲ್ಲಿ ತಪ್ಪಿದರೆ ಫ್ಯೂಸ್ ಹಾರುತ್ತದೆ. ಸಬ್‌ವೂಫರಿನ ತಂತಿಗೆ ಮಾತ್ರ ಅಷ್ಟೇಕೆ, ಸದ್ದು ಬಂದರೆ ಆಯಿತು ಎಂದುಕೊಂಡ. ಮೊದಲನೆಯದನ್ನು ಜೋಡಿಸಿ ಹಚ್ಚಿದ, ಗ್ಯಾರೇಜಿನ ಬಾಗಿಲು ನಡುಗಿತು. ಅದನ್ನು ಬಿಚ್ಚಿಟ್ಟು ಎರಡನೆಯದನ್ನು ಜೋಡಿಸಿ ಹಚ್ಚಿದ, ಅದೂ ನಡುಗಿಸಿತು. ಮೊದಲನೆಯದನ್ನೂ ಮತ್ತೆ ಜೋಡಿಸಿಟ್ಟ, ಆದರೆ ಎರಡನ್ನೂ ಒಟ್ಟಿಗೆ ಹಚ್ಚಿ ನೋಡಲಿಲ್ಲ. ಒಂದೊಂದೇ ಇಷ್ಟು ಗರ್ಜಿಸಿದರೆ ಎರಡು ಸೇರಿದಾಗ ಉಮಾನಾಥಣ್ಣನ ಮೀಸೆ ತಾನೇ ಉದುರುತ್ತದೆ ಎಂದು ನಗುತ್ತ ಹೋಗಿ ಮಲಗಿದನಂತೆ.

ಭಾನುವಾರ ಅಂಗಳದಲ್ಲಿ ಜಾತ್ರೆಯಷ್ಟು ಜನ. ನೀಲಾಂಬಿಕಾ ಮುಖ ಊದಿಸಿಕೊಂಡೇ ದೊಡ್ಡ ಪಾತ್ರೆಯಲ್ಲಿ ಗಿರ್ಮಿಟ್ ಮಾಡಲು ಮಂಡಕ್ಕಿ ತಂದಿದ್ದಳು. ಕೃಷ್ಣಮೂರ್ತಿಯವರಿಗೆ ಅದನ್ನು ನೋಡಿ ಒಂದು ಉಪಾಯ ಹೊಳೆಯಿತು. ಸ್ಟೀಲ್ ತಟ್ಟೆಯಲ್ಲಿ ಮಂಡಕ್ಕಿ ಹರಡಿ ಗಾಡಿಯ ಮೇಲಿಡುವುದು. ಯಾರ ಗಾಡಿಯ ಮೇಲೆ ಮಂಡಕ್ಕಿ ಹೆಚ್ಚು ಹಾರುತ್ತದೋ ಅವರು ಗೆದ್ದಂತೆ.

ಮೊದಲು ನನ್ನ ವ್ಯಾನ್. ಒಂದೇ ಹಾಡು, ಎರಡು ಗಾಡಿಗೂ. ಮಂಡಕ್ಕಿ ತಟ್ಟೆಯಲ್ಲಿ ಚೆನ್ನಾಗಿಯೇ ಕುಣಿಯಿತು, ಒಂದು ಮುಷ್ಟಿಯಷ್ಟು ಕೆಳಗೂ ಬಿತ್ತು. ಕರಾವಳಿಯವರೆಲ್ಲ ಚಪ್ಪಾಳೆ ಹೊಡೆದರು.

ಆಮೇಲೆ ತಿಪ್ಪಣ್ಣ. ಕಿವಿ ಮುಚ್ಚಿಕೊಳ್ಳಿ ಎಂದು ಮಕ್ಕಳಿಗೆ ಕೈಸನ್ನೆ ಮಾಡಿ, ಮೀಸೆಯ ತುದಿ ಮುಟ್ಟಿಕೊಂಡು, ಹಾಡು ಹಚ್ಚಿದ. ಹಾಡು ಬಂತು. ಹಾಡಿನ ಮಾತು ಬಂತು, ಗೆಜ್ಜೆಯ ಸದ್ದು ಬಂತು, ಕೊಳಲು ಕೂಡ ಬಂತು. ಗುಡುಗು ಮಾತ್ರ ಇಲ್ಲ. ಮಂಡಕ್ಕಿ ತಟ್ಟೆಯಲ್ಲಿ ಹಾಯಾಗಿ ಮಲಗಿತ್ತು. ತಿಪ್ಪಣ್ಣ ವಾಲ್ಯೂಮ್ ಏರಿಸಿದ. ಹಾಡುವವಳು ಇನ್ನಷ್ಟು ಚೆನ್ನಾಗಿ ಕೇಳಿಸಿದಳು.

ನನ್ನ ಮಗಳು ದೀಕ್ಷಿತಾ ಫೋನಿನಲ್ಲಿ ವಿಡಿಯೊ ಮಾಡುತ್ತಿದ್ದವಳು, "ಅಂಕಲ್, ಇಟ್ಸ್ ಸೋ ರಿಲ್ಯಾಕ್ಸಿಂಗ್!" ಎಂದಳು. ಅಂಗಳವೆಲ್ಲ ನಕ್ಕಿತು. ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಕೃಷ್ಣಮೂರ್ತಿಯವರು ನಗಲಿಲ್ಲ. ತಮ್ಮ ಕಂಪನಿಯ ಅತ್ಯಂತ ಎಚ್ಚರಿಕೆಯ ಕೆಲಸಗಾರ ಹೀಗೆ ಮಾಡಿದ್ದು ಅವರಿಗೆ ಕಸಿವಿಸಿಯಾಗಿರಬೇಕು. ಡಿಕ್ಕಿ ತೆರೆದು ಬಗ್ಗಿ ನೋಡಿದರು. "ಏನ್ರೀ ತಿಪ್ಪಣ್ಣ, ಈ ಕಡೆ ಸಬ್‌ವೂಫರಿಗೆ ಕೆಂಪು ಕಪ್ಪಿಗೆ ಹೋಗಿದೆ, ಕಪ್ಪು ಕೆಂಪಿಗೆ ಹೋಗಿದೆ! ಒಂದು ಸರಿ, ಇನ್ನೊಂದು ಉಲ್ಟಾ. ಅದಕ್ಕೇ ಒಂದರ ಸದ್ದನ್ನ ಇನ್ನೊಂದು ತಿಂದುಹಾಕ್ತಿದೆ."

ವಿಷಯ ಅಷ್ಟೇ. ಕೆಟ್ಟು ನಿಂತ ಕಾರನ್ನು ಒಬ್ಬ ಹಿಂದಿನಿಂದ, ಇನ್ನೊಬ್ಬ ಮುಂದಿನಿಂದ ತಳ್ಳಿದರೆ ಕಾರು ಎಲ್ಲಿ ಹೋದೀತು? ಒಂದು ಸಬ್‌ವೂಫರ್ ಗಾಳಿಯನ್ನು ಹೊರಗೆ ದೂಡುವಾಗ ಇನ್ನೊಂದು ಒಳಗೆ ಎಳೆಯುತ್ತಿತ್ತು. ಹಾಡು ಕೇಳಿಸಿದ್ದು ವ್ಯಾನಿನ ಮಾಮೂಲಿ ಸ್ಪೀಕರುಗಳಿಂದ.

"ಕಣ್ಣೆದುರಿಗೇ ಇದೆಯಲ್ಲ, ಕಾಣಲಿಲ್ವಾ?" ಎಂದು ಕೃಷ್ಣಮೂರ್ತಿಯವರು ಒಂದು ತಂತಿಯನ್ನು ಎಳೆದು ಅವನ ಮುಂದೆ ಹಿಡಿದರು. "ಹೇಳಿ, ಇದು ಯಾವ ಬಣ್ಣ?"

ತಿಪ್ಪಣ್ಣ ತಂತಿಯಿಂದ ಮುಖ ತಿರುಗಿಸಿ ಮೀಸೆಯ ತುದಿ ಹಿಡಿದುಕೊಂಡ. ಜನ ಅದನ್ನು ನಾಚಿಕೆ ಎಂದುಕೊಂಡರು.

ಆಗ ನೀಲಾಂಬಿಕಾ ಗಿರ್ಮಿಟ್ಟಿನ ಸೌಟನ್ನು ಹಿಡಿದುಕೊಂಡೇ ನಡುವೆ ನುಗ್ಗಿದಳು. "ಅವರನ್ನೇನ ಕೇಳ್ತೀರಿ ಸಾಹೇಬ್ರ, ನನ್ನ ಕೇಳ್ರಿ. ಅದು ನಾ ಮಾಡಿದ್ದು. ಮುಂಜಾನೆ ಅವರು ಜಳಕಕ್ಕ ಹೋದಾಗ ತಂತಿ ಅದಲುಬದಲು ಮಾಡೇನಿ. ಈ ಡಬ್ಬಿ ಬಂದಾಗಿಂದ ನನ್ನ ರೊಟ್ಟಿ ಬುಟ್ಟಿಗೆ ಜಾಗ ಇಲ್ರಿ. ಹೊಟ್ಟಿ ಉರದು ಮಾಡೇನಿ."

ಎಂಥ ಹೆಂಗಸು! ಕಣ್ಣು ಕೂಡ ಮಿಟುಕಿಸಲಿಲ್ಲ.

ಅಂಗಳ ಇನ್ನೊಮ್ಮೆ ನಕ್ಕಿತು. ಕೃಷ್ಣಮೂರ್ತಿಯವರು ಮಾತ್ರ ದೊಡ್ಡ ದನಿಯಲ್ಲಿ, "ಏನಮ್ಮಾ ಇದು, ಗಂಡನ ಮರ್ಯಾದೆ ತೆಗೆಯೋದಾ? ಕರೆಂಟು ಮಕ್ಕಳಾಟ ಅಲ್ಲ" ಎಂದು ಗದರಿಸಿದರು. ಅವಳು ತಲೆ ತಗ್ಗಿಸಿದಳು. ಬೇಕಂತಲೇ ತಗ್ಗಿಸಿದ ತಲೆ ಅದು. "ಹೋಗ್ಲಿ, ಸರಿ ಮಾಡಿ ಇನ್ನೊಂದು ಸಲ ಹಚ್ಚಿ ತಿಪ್ಪಣ್ಣ. ಮೊದಲನೇದು ಲೆಕ್ಕಕ್ಕಿಲ್ಲ" ಎಂದು ತೀರ್ಪಾಯಿತು.

ತಿಪ್ಪಣ್ಣ ಡಿಕ್ಕಿಯೊಳಗೆ ತಲೆ ಹಾಕಿದ. ನೀಲಾಂಬಿಕಾ ಪಕ್ಕದಲ್ಲಿ ನಿಂತು ಬೈಯಲು ಶುರುಮಾಡಿದಳು. "ನಿಮ್ಮ ಎಡಗೈಯಾಗಿಂದು ಬಿಡ್ರಿ, ಸುಡುಗಾಡು. ಬಲಗೈಯಾಗಿಂದು ಮ್ಯಾಲಿನದಕ್ಕ ಹಾಕ್ರಿ. ಹಾಂ, ತಿರುಗಿಸ್ರಿ. ನನ್ನ ಜೀವಾನೂ ಹಿಂಗ ತಿರುಗಿಸಿ ತಿರುಗಿಸಿ ಇಟ್ಟೀರಿ." ಅವಳು ಬೈಯುತ್ತಿದ್ದಾಳೆ ಎಂದು ಜನ ನಗುತ್ತಿದ್ದರು. ಹತ್ತಿರದಲ್ಲಿದ್ದ ನಾನು ತಿಪ್ಪಣ್ಣನ ಬೆರಳುಗಳನ್ನು ನೋಡಿದೆ. ಅವಳು ಹೇಳುವವರೆಗೆ ಅವು ಅಲ್ಲಾಡುತ್ತಲೇ ಇರಲಿಲ್ಲ. ಬೈಗುಳದ ಒಳಗೆ ಅವಳು ಅವನಿಗೆ ದಾರಿ ತೋರಿಸುತ್ತಿದ್ದಳು. ನನಗೆ ಎಲ್ಲವೂ ಅರ್ಥವಾಯಿತು. ಕೃಷ್ಣಮೂರ್ತಿಯವರು ತೀರ್ಪು ಹೇಳುತ್ತಾರೆ ಎಂದಾಗ ಅವನ ಮುಖ ಸಪ್ಪಗಾದದ್ದೂ ಅರ್ಥವಾಯಿತು.

ಎರಡನೆಯ ಸಲ ಹಚ್ಚಿದಾಗ ಮಂಡಕ್ಕಿ ಎಲ್ಲಿ ಹೋಯಿತೋ ಗೊತ್ತಿಲ್ಲ. ತಟ್ಟೆಯೇ ಜಾರಿ ಕೆಳಗೆ ಬಿದ್ದು ಗಿರಗಿರ ತಿರುಗಿತು. ಉತ್ತರ ಕರ್ನಾಟಕದ ಮಂದಿ ಕುಣಿದರು. ಜಗ್ಗಲಗಿ ಗೆದ್ದಿತ್ತು, ನನ್ನ ಮೀಸೆ ಹೋಗಿತ್ತು.

ನಾನು ಬಾಯಿ ಬಿಟ್ಟಿದ್ದರೆ ಮೀಸೆ ಉಳಿಯುತ್ತಿತ್ತು. ಮೊದಲನೆಯ ಸಲ ತಪ್ಪಿದ್ದು ಅವನೇ ಎಂದು ಒಂದು ಮಾತು ಸಾಕಿತ್ತು. ಬಾಯಿ ತುರಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಒಬ್ಬನ ಅನ್ನಕ್ಕೆ ಕಲ್ಲು ಹಾಕಿ ಉಳಿಸಿಕೊಳ್ಳುವಷ್ಟು ದೊಡ್ಡ ಮೀಸೆ ನನ್ನದಲ್ಲ. ಅಂಗಡಿಯೊಳಗಿನ ವಾಶ್‌ಬೇಸಿನ್ ಹತ್ತಿರ ರೇಜರ್ ಇದೆ ಎಂದು ಹೊರಟೆ.

ಅಷ್ಟರಲ್ಲಿ ಗಿರ್ಮಿಟ್ ಹಂಚುವಾಗ ಒಬ್ಬರು ತಟ್ಟೆಯನ್ನು ಮೂಸಿ ನೋಡಿ, "ತಂತಿ ಬದಲಿಸಿದ ಕೈ, ಇದರಲ್ಲಿ ಏನು ಬೆರೆಸಿದೆಯೋ. ಇನ್ನು ಈಯಮ್ಮನ ರೊಟ್ಟಿಯನ್ನೂ ಯೋಚನೆ ಮಾಡಿ ತಿನ್ನಬೇಕು" ಎಂದರು. ತಮಾಷೆಗೇ ಇರಬಹುದು. ಇನ್ನಿಬ್ಬರು ನಕ್ಕು ತಟ್ಟೆ ಕೆಳಗಿಟ್ಟರು. ನೀಲಾಂಬಿಕಾ ಸೆರಗಿನಿಂದ ಸೌಟನ್ನು ಒರೆಸುತ್ತ ನಿಂತಳು. ಈ ಸಲ ತಗ್ಗಿದ ತಲೆ ಬೇಕಂತ ತಗ್ಗಿಸಿದ್ದಾಗಿರಲಿಲ್ಲ.

ತಿಪ್ಪಣ್ಣ ಹಾಡನ್ನು ನಿಲ್ಲಿಸಿದ.

"ನಗಬ್ಯಾಡ್ರಿ. ಆಕಿ ತಂತಿ ಮುಟ್ಟಿಲ್ಲ. ಮುಟ್ಟಿದ್ರ ಇದು ತಪ್ಪತಿರಲಿಲ್ಲ." ಅವನು ಕೃಷ್ಣಮೂರ್ತಿಯವರ ಕಡೆ ತಿರುಗಿದ. "ಸಾಹೇಬ್ರ, ನನ್ನ ಕಣ್ಣಿಗೆ ಕೆಂಪು ಕರಿ ಎರಡೂ ಒಂದ. ಹುಟ್ಟಿದಾಗಿಂದ ಹಂಗ. ಇಷ್ಟು ವರ್ಷ ನನಗ ಬಣ್ಣ ಹೇಳಿದ್ದು ಆಕಿ. ನಿಮ್ಮ ಕೆಲಸದಾಗ ಟೆಸ್ಟರ್ ಇಲ್ಲದ ಒಂದು ತಂತೀನೂ ಮುಟ್ಟಿಲ್ರಿ. ಆದ್ರ ಹೇಳಬೇಕಿತ್ತು, ಹೇಳಲಿಲ್ಲ."

ನೀಲಾಂಬಿಕಾ ಸೌಟನ್ನು ಪಾತ್ರೆಯೊಳಗೆ ಬಿಸಾಡಿ, "ಯಾಕ ಹೇಳಿದ್ರಿ? ನಾ ಇಷ್ಟ ಕಷ್ಟಪಟ್ಟು ಮುಚ್ಚಿದ್ದು ಯಾಕ ಹೇಳಿದ್ರಿ?" ಎಂದು ಅಳು ತಡೆಯಲಾರದೆ ಕೂಗಿದಳು.

"ನಿನ್ನ ರೊಟ್ಟಿಗೆ ಹೆಸರಿಟ್ರ ನಾ ಹೆಂಗ ಸುಮ್ಮನಿರಲಿ?" ಎಂದ ತಿಪ್ಪಣ್ಣ.

ಮೊದಲನೆಯ ಸಲದ್ದೇ ಲೆಕ್ಕ, ನಾನೇ ಸೋತದ್ದು ಎಂದು ಅವನು ರೇಜರ್ ಕೇಳಿದ. ಅಲ್ಲ ಮಾರಾಯ, ತಟ್ಟೆ ಬೀಳಿಸಿದ್ದು ನೀನು, ಸೋತದ್ದು ನಾನು ಎಂದೆ. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಇಬ್ಬರೂ ಸೋಲಿಗಾಗಿ ಜಗಳವಾಡಿದೆವು, ಆಗಲೂ ಒಬ್ಬರಿಗೊಬ್ಬರು ಬಗ್ಗಲಿಲ್ಲ. ಕೊನೆಗೆ ಒಂದೇ ಕನ್ನಡಿಯ ಮುಂದೆ ಇಬ್ಬರೂ ಬೋಳಿಸಿಕೊಂಡು ಹೊರಗೆ ಬಂದೆವು. "ಅಪ್ಪಾ, ಯೂ ಬೋತ್ ಲುಕ್ ಲೈಕ್ ಬೇಬೀಸ್" ಎಂದು ದೀಕ್ಷಿತಾ ಅದನ್ನೂ ವಿಡಿಯೊ ಮಾಡಿದಳು.

ಕೃಷ್ಣಮೂರ್ತಿಯವರು ಅವನನ್ನು ಕೆಲಸದಿಂದ ತೆಗೆಯಲಿಲ್ಲ, ಆದರೆ ತಂತಿ ಜೋಡಿಸುವ ಕೆಲಸದಿಂದ ತೆಗೆದರು. ಗೋಡೆಯಲ್ಲಿ ಪೈಪು ಹಾಯಿಸುವುದು, ಬಾಕ್ಸ್ ಕೂರಿಸುವುದು, ಅಷ್ಟೇ ಈಗ ಅವನ ಪಾಲಿಗೆ. ಅವರ ಮೇಲೆ ನನಗೆ ಸಿಟ್ಟು ಬಂತು. ಯೋಚಿಸಿದರೆ ಅವರು ಮಾಡಿದ್ದು ಸರಿಯೇ, ಆದರೂ ಸಿಟ್ಟು ಬಂತು. ತಿಪ್ಪಣ್ಣ ಕೆಲವು ದಿನ ನನ್ನೊಂದಿಗೆ ಜಗಳವಾಡಲೂ ಬರಲಿಲ್ಲ. ಅದು ನನಗೆ ತುಂಬಾ ಕಷ್ಟವಾಯಿತು.

ದೀಕ್ಷಿತಾ ಹಂಚಿದ ಪಂದ್ಯದ ವಿಡಿಯೊ ನೋಡಿದ ಹುಡುಗರು ಮಾತ್ರ ತಟ್ಟೆ ಬೀಳಿಸಿದ ಅಂಕಲ್ ಯಾರು ಎಂದು ಹುಡುಕಿಕೊಂಡು ಬಂದರು. ಈಗ ಶನಿವಾರಗಳಲ್ಲಿ ತಿಪ್ಪಣ್ಣನ ಗ್ಯಾರೇಜಿನ ಮುಂದೆ ಸಬ್‌ವೂಫರ್ ಹಾಕಿಸಿಕೊಳ್ಳಲು ಕಾರುಗಳು ಸಾಲಾಗಿ ನಿಲ್ಲುತ್ತವೆ. ಮುಚ್ಚಿಡುವುದು ಏನೂ ಉಳಿದಿಲ್ಲವಾದ್ದರಿಂದ ಬಾಗಿಲು ಪೂರ್ತಿ ತೆರೆದಿರುತ್ತದೆ. ಅವನು ಡಿಕ್ಕಿಯೊಳಗೆ ಮಲಗಿರುತ್ತಾನೆ, ನೀಲಾಂಬಿಕಾ ಹೊರಗೆ ನಿಂತು ಗಂಟಲು ಬಿಚ್ಚಿ ಕೂಗುತ್ತಾಳೆ. "ಕೆಂಪು! ಕೆಂಪು ಅಂದೆ! ಅದು ಕರಿ, ಬಿಡ್ರಿ!" ಒಳಗಿನಿಂದ ಅವನೂ ಕೂಗುತ್ತಾನೆ. "ಯಾವುದು? ಸರಿಯಾಗಿ ಹೇಳು!"

ಮೊನ್ನೆ ನಾನು ಅಲ್ಲಿ ನಿಂತಿದ್ದಾಗ ಎದುರು ಮನೆಗೆ ಹೊಸದಾಗಿ ಬಂದ ಪಂಜಾಬಿ ಹೆಂಗಸು ಹೆದರಿಕೊಂಡು ಬಂದು, "ಭಾಯಿ ಸಾಬ್, ಇವರು ದಿನಾ ಹೀಗೇ ಲಡಾಯಿ ಮಾಡ್ತಾರಾ?" ಎಂಬಂತೆ ಹಿಂದಿಯಲ್ಲಿ ಕೇಳಿದಳು.

"ಲಡಾಯಿ ಅಲ್ಲಮ್ಮ, ವೈರಿಂಗ್" ಎಂದೆ.